ಜಾರುಗಟ್ಟೆಯ ಒಂದು ಮೆಟ್ಟಿಲು

ಒಂದಾನೊಂದು ಊರಿನಲ್ಲಿ ಒಂದೇ ಒಂದು ಮೆಟ್ಟಿಲು ಇರಲಿಲ್ಲ.

ಬೇರೆ ಮೆಟ್ಟಿಲುಗಳು ಬೇಕಾದಷ್ಟಿದ್ದವು. ಅರಮನೆಗೆ ಹದಿನಾರು, ಗುಡಿಗೆ ಒಂಬತ್ತು, ಪಟೇಲನ ಮನೆಗೆ ಯಾತಕ್ಕೋ ಎರಡೂವರೆ. ಆದರೆ ಎಲ್ಲಿ ಬೇಕಿತ್ತೋ ಅಲ್ಲಿ, ಒರತೆಗೆ ಇಳಿಯುವ ಕೆಸರಿನ ದಾರಿಯಲ್ಲಿ, ಒಂದು ಮೆಟ್ಟಿಲು ಇರಲಿಲ್ಲ. ನೀರಿಗೆ ಹೋದವರೆಲ್ಲ ಅಲ್ಲಿ ಜಾರುತ್ತಿದ್ದರು. ಹಾಗಾಗಿಯೇ ಆ ಊರಿಗೆ ಜಾರುಗಟ್ಟೆ ಅಂತ ಹೆಸರು ಬಂತು. ಹತ್ತಿರ ಬಂದು ಕೂತುಕೊಳ್ಳಿ, ಹೇಳುತ್ತೇನೆ. ಇದು ನಗುವ ಕತೆಯೇ. ಆದರೆ ನಕ್ಕ ಮೇಲೆ ಪಕ್ಕದವರ ಮುಖ ನೋಡಬೇಡಿ. ಇದರೊಳಗೆ ಒಂದು ನಾಚಿಕೆಗೇಡು ಇದೆ. ಅದನ್ನು ಹೇಳುವ ಹೊತ್ತಿಗೆ ನನಗೂ ತಲೆ ಎತ್ತಲಿಕ್ಕೆ ಆಗುವುದಿಲ್ಲ.

ಜಾರುಗಟ್ಟೆಯ ದೊರೆಯ ಹೆಸರು ಚಕ್ಕಳಮಕ್ಕಳರಾಯ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಆನೆ ಕುದುರೆ ಬೇಡ. ಚಕ್ಕಳಮಕ್ಕಳ ಹಾಕಿಕೊಂಡು ಕೂರಲಿಕ್ಕೆ ಒಂದು ಚಾಪೆಯಷ್ಟು ಜಾಗ ಬೇಕು, ಅಷ್ಟೆ. ಬೆಳಿಗ್ಗೆ ಬಲಗಾಲು ಮೇಲೆ, ಮಧ್ಯಾಹ್ನ ಕಳೆದ ಮೇಲೆ ಎಡಗಾಲು ಮೇಲೆ. ಕಾಲು ಬದಲಾಯಿಸುವಾಗ ಅರಮನೆಯಲ್ಲಿ ಕಹಳೆ ಊದುತ್ತಿದ್ದರು. ಜನ ಅದನ್ನು ಕೇಳಿ ಊಟಕ್ಕೆ ಏಳುತ್ತಿದ್ದರು.

ಒಂದು ದಿನ ದೊರೆ ಹೊಸ ಜಾಗದಲ್ಲಿ ಚಾಪೆ ಹಾಸಿ ಕೂತ. ಕೂತ ಜಾಗದಲ್ಲಿ ಒಂದು ಕಟ್ಟಿರುವೆ ಇತ್ತು. ಅದು ಕಚ್ಚಿತು. ಎಲ್ಲಿ ಕಚ್ಚಿತು ಅಂತ ಕೇಳಬೇಡಿ, ದೊಡ್ಡವರ ವಿಷಯ.

"ಯಾಕೆ ಕಚ್ಚಿದೆ?" ಅಂತ ದೊರೆ ಕೇಳಿದ.

"ಯಾಕೆ ಕೂತೆ?" ಅಂತ ಇರುವೆ ಕೇಳಿತು.

"ನೀನಿರೋದು ನನಗೆ ಗೊತ್ತಿರಲಿಲ್ಲ."

"ಕೇಳಿದ್ರೆ ಹೇಳ್ತಿದ್ದೆ."

ದೊರೆ ಮೂರು ದಿನ ನಿಂತುಕೊಂಡೇ ಯೋಚನೆ ಮಾಡಿದ. ಕೂರಲಿಕ್ಕೆ ಹೇಗೂ ಆಗುತ್ತಿರಲಿಲ್ಲ. ಇರುವೆ ಹೇಳಿದ್ದು ಸರಿ ಅಂತ ಕಂಡಿತು. ನಾಲ್ಕನೆಯ ದಿನ ಡಂಗುರ ಹೊಡೆಸಿದ. ಇನ್ನು ಮೇಲೆ ಸರ್ಕಾರ ಏನೇ ಕಟ್ಟಲಿ, ಏನೇ ಅಗೆಯಲಿ, ಏನೇ ಇಡಲಿ, ಮೊದಲು ಅಲ್ಲಿರುವವರನ್ನೆಲ್ಲ ಕೇಳಬೇಕು. ಅವರು ಎರಡರಲ್ಲಿ ಒಂದು ಮಾತು ಹೇಳಬೇಕು. 'ಪರವಾಗಿಲ್ಲ' ಅಂದರೆ ಕೆಲಸ ಶುರುಮಾಡಬಹುದು. 'ಆಗಲ್ಲ' ಅಂದರೆ ಯಾಕೆ ಅಂತ ಓಲೆಗರಿಯಲ್ಲಿ ಬರೆದುಕೊಂಡು, ಅದಕ್ಕೆ ದಾರಿ ಹುಡುಕುವ ತನಕ ಕೈ ಕಟ್ಟಿ ಕೂರಬೇಕು.

ಒಳ್ಳೆಯ ಕಾನೂನೇ. ನಗಬೇಡಿ. ನಿಮ್ಮ ಮನೆ ಜಗಲಿಯ ಮೇಲೆ ಯಾರಾದರೂ ಕೇಳದೆ ಬಂದು ಗೂಟ ಹೊಡೆದರೆ ಗೊತ್ತಾಗುತ್ತದೆ.

ಕಾನೂನೇನೋ ಬಂತು. ಕೇಳುವವರು ಬೇಕಲ್ಲ? ಊರಿನಲ್ಲಿ ಚೆಲುವಯ್ಯ ಅಂತ ಒಬ್ಬನಿದ್ದ. ಅವನ ಕಿವಿಗಳು ಮೊರದಗಲ. ಕಲ್ಲು ಕೆಮ್ಮಿದರೆ ಅವನಿಗೆ ಕೇಳಿಸುತ್ತಿತ್ತು, ಹುಲ್ಲು ಆಕಳಿಸಿದರೆ ಕೇಳಿಸುತ್ತಿತ್ತು. ಹುಟ್ಟಿದಾಗಲೇ ತಾಯಿ ಸತ್ತು, ಅಜ್ಜಿ ಅವನನ್ನು ಒರತೆಯ ಪಕ್ಕದಲ್ಲಿ ಮಲಗಿಸಿ ಕೂಲಿಗೆ ಹೋಗುತ್ತಿದ್ದಳಂತೆ. ಅತ್ತಾಗ ಒರತೆಯೇ ಬಾಯಿಗೆ ನಾಲ್ಕು ಹನಿ ಹಾಕಿ, ಗುಳುಗುಳು ಅಂತ ಹಾಡಿ ಸುಮ್ಮನಾಗಿಸುತ್ತಿತ್ತಂತೆ. ಆ ಒರತೆಯನ್ನು ಊರೆಲ್ಲ ಒರತವ್ವ ಅನ್ನುತ್ತಿತ್ತು. ಚೆಲುವಯ್ಯ ಬರೀ ಅವ್ವ ಅನ್ನುತ್ತಿದ್ದ.

ದೊರೆ ಅವನನ್ನು ಕರೆಸಿ ತಲೆಗೆ ಕೆಂಪು ಪೇಟ ಸುತ್ತಿಸಿದ. ಅಂದಿನಿಂದ ಅವನು ಕೇಳುವ ಚೆಲುವಯ್ಯ.

ಮೊದಲ ವರ್ಷವೇ ಕಾನೂನಿನಿಂದ ಒಳ್ಳೆಯದಾಯಿತು. ಅರಮನೆಗೆ ಇನ್ನೊಂದು ಕಂಬ ನಿಲ್ಲಿಸಬೇಕು ಅಂತ ದೊರೆಗೆ ಆಸೆಯಾಯಿತು. ಚೆಲುವಯ್ಯ ಹೋಗಿ ಅಲ್ಲಿದ್ದ ಹೆಗ್ಗಣವನ್ನು ಕೇಳಿದ. ಹೆಗ್ಗಣ, "ಆಗಲ್ಲ. ಕೆಳಗೆಲ್ಲ ನಾವು ತೋಡಿ ಪೊಳ್ಳು ಮಾಡಿದ್ದೀವಿ. ಕಂಬ ನಿಲ್ಸಿದ್ರೆ ಅರಮನೆ ಕುಕ್ಕರಗಾಲಲ್ಲಿ ಕೂತ್ಕೊಳ್ಳುತ್ತೆ" ಅಂತು. ದೊರೆ ನಂಬಲಿಲ್ಲ. ಕಂಬದ ಬದಲು ಒಂದು ಕುಂಬಳಕಾಯಿ ಇಡಿಸಿ ನೋಡಿದ. ಕುಂಬಳಕಾಯಿ ಭೂಮಿಗೆ ಇಳಿದು, ಎರಡು ಬೀದಿ ಆಚೆ ಒಬ್ಬಳ ಅಡುಗೆಮನೆಯಲ್ಲಿ ಎದ್ದಿತು. ಅವಳು ಅದನ್ನು ಹುಳಿ ಮಾಡಿದಳು. ಅರಮನೆ ಉಳಿಯಿತು. ಊರೆಲ್ಲ ಚೆಲುವಯ್ಯನನ್ನು ಹೊಗಳಿತು. ಅವನು ಬೀದಿಯಲ್ಲಿ ಬಂದರೆ ಕಟ್ಟೆಯ ಮೇಲಿದ್ದವರು ಎದ್ದು ನಿಲ್ಲತೊಡಗಿದರು. ಅವನಿಗೆ ಅದು ಇಷ್ಟವಾಯಿತು. ಯಾರಿಗೆ ಇಷ್ಟವಾಗುವುದಿಲ್ಲ ಹೇಳಿ. ಮಲಗುವಾಗಲೂ ಪೇಟ ತೆಗೆಯುತ್ತಿರಲಿಲ್ಲ.

ಅವನ ಹೆಂಡತಿ ಸಣ್ಣತಾಯಮ್ಮ. ಒಂದು ಬೆಳಿಗ್ಗೆ ನೀರಿಗೆ ಹೋಗಿ ಕೆಸರಿನಲ್ಲಿ ಜಾರಿ ಬಿದ್ದಳು. ಹಿಮ್ಮಡಿಯ ಗಂಟು ತಿರುಚಿಕೊಂಡಿತು. ಕೊಡ ಉರುಳಿ ಒರತವ್ವನ ನೆತ್ತಿಗೆ ಬಡಿಯಿತು.

"ತಪ್ಪಾಯ್ತು ಕಣವ್ವ" ಅಂದಳು ಸಣ್ಣತಾಯಮ್ಮ.

"ಪರವಾಗಿಲ್ಲ ಬುಡವ್ವ" ಅಂದಳು ಒರತವ್ವ. ಅವಳು ಯಾವಾಗಲೂ ಹಾಗೇ. ಬಿಂದಿಗೆ ಬಡಿದರೂ ಪರವಾಗಿಲ್ಲ, ಎಮ್ಮೆ ಇಳಿದರೂ ಪರವಾಗಿಲ್ಲ.

ಸಣ್ಣತಾಯಮ್ಮ ಕುಂಟುತ್ತ ಮನೆಗೆ ಬಂದಳು. "ಅಲ್ಲಿ ಒಂದು ಕಲ್ಲು ಹಾಕ್ಸಿ ಅಂದ್ರೆ. ಒಂದೇ ಒಂದು ಮೆಟ್ಲು ಸಾಕು" ಅಂದಳು.

"ನಾನೇ ಹಾರೆ ತಗೊಂಡು ಹಾಕ್ಬುಡಬೋದು" ಅಂದ ಚೆಲುವಯ್ಯ. "ಆದ್ರೆ ನಾನು ಸರ್ಕಾರದವನು. ನಾನು ಕಲ್ಲೆತ್ತಿದ್ರೆ ಸರ್ಕಾರ ಎತ್ತಿದಂಗೆ. ಮೊದ್ಲು ಕೇಳ್ಬೇಕು."

"ಹಂಗಾರೆ ನಾನೇ ಎತ್ತಾಕ್ತೀನಿ."

"ನೀನು ಸರ್ಕಾರದ ಹೆಂಡ್ತಿ."

ಸಣ್ಣತಾಯಮ್ಮ ಗೋಡೆಗೆ ಒರಗಿ ಕೂತಳು. "ಕಾಲು ಹೆಂಗದೆ?" ಅಂತ ಅವನು ಕೇಳಿದ. "ಪರವಾಗಿಲ್ಲ" ಅಂದಳು. ಅವನು ಓಲೆಗರಿ ತೆಗೆದುಕೊಂಡು ಕೆಲಸಕ್ಕೆ ಹೊರಟ.

ಮೊದಲು ಮೆಟ್ಟಿಲಾಗಬೇಕಾಗಿದ್ದ ಕಲ್ಲನ್ನೇ ಕೇಳಿದ. ಕಲ್ಲು, "ನನಗೇನು, ಪರವಾಗಿಲ್ಲ. ನನ್ನ ಕೆಳಗಿರೋನ ಕೇಳು" ಅಂತು. ಕಲ್ಲಿನ ಕೆಳಗೆ ಒಂದು ಚೇಳು ಇತ್ತು. "ಆಗಲ್ಲ. ಕಲ್ಲು ಹೋದ್ರೆ ನನ್ನ ಸೂರು ಹೋಯ್ತು" ಅಂತು. ಚೇಳಿಗೆ ಬೇರೆ ಕಲ್ಲು ಕೊಡೋಣ ಅಂತ ಬೇರೆ ಕಲ್ಲನ್ನು ಎತ್ತಿದರೆ ಅದರಡಿ ಹಾವುರಾಣಿ. ಹಾವುರಾಣಿಗೆ ಇನ್ನೊಂದು ಕಲ್ಲು ಹುಡುಕಿದರೆ ಅದರಡಿ ಜರಿ. ಜರಿಯ ಒಂದೊಂದು ಕಾಲಿಗೂ ಒಂದೊಂದು ಅಭಿಪ್ರಾಯ.

ಆಮೇಲೆ ಕೆಸರನ್ನು ಕೇಳಿದ. ಕೆಸರಿಗೆ ದುಃಖವಾಯಿತು. "ನಾನು ಜಾರಿಸದೆ ಹೋದ್ರೆ ನನ್ನ ಕೆಸರು ಅಂತ ಯಾರು ಕರೀತಾರೆ?" ಅಂತು. ಬರೆದುಕೊಂಡ.

ನಲವತ್ತು ಕಪ್ಪೆಗಳನ್ನು ಕೇಳಿದ. ನಲವತ್ತೂ 'ವಟ' ಅಂದವು. ಆದರೆ ಒಂದರ 'ವಟ'ದ ಅರ್ಥ ಇನ್ನೊಂದಕ್ಕೆ ಇರಲಿಲ್ಲ. ನಲವತ್ತು ಗರಿ ಬೇಕಾಯಿತು.

ಏಡಿ ತನ್ನ ಮಾತನ್ನು ಅಡ್ಡಡ್ಡ ಹೇಳಿತು. ಅಡ್ಡಡ್ಡ ಬರೆಯಲಿಕ್ಕೆ ಗರಿಯ ಅಗಲ ಸಾಲಲಿಲ್ಲ, ಅದಕ್ಕೆ ಹದಿನಾಲ್ಕು ಗರಿ ಹೊಲಿಯಬೇಕಾಯಿತು.

ಹೊಂಗೆಮರದ ನೆರಳು, "ನಾನು ಬೆಳಿಗ್ಗೆ ಆ ಕಡೆ ಇರ್ತೀನಿ, ಸಂಜೆ ಈ ಕಡೆ ಇರ್ತೀನಿ. ಎರಡೂ ಕಡೆಯೋನು ಅಂತ ಬರ್ಕೊ" ಅಂತು. ಎರಡು ಸಲ ಬರೆದುಕೊಂಡ. ಮಧ್ಯಾಹ್ನ ನೆರಳು ಇರಲಿಲ್ಲ. ಇಲ್ಲ ಅಂತ ಒಂದು ಗರಿ ಬರೆದ.

ಹೀಗೆ ಬರೆದೂ ಬರೆದೂ ಓಲೆಗರಿ ಮುಗಿಯಿತು. ಗರಿ ಕೀಳಬೇಕಾದರೆ ತಾಳೆಮರವನ್ನು ಕೇಳಬೇಕಲ್ಲ? ಕೇಳಿದ. ತಾಳೆಮರ 'ಆಗಲ್ಲ' ಅಂತು. ಆಗಲ್ಲ ಅಂದದ್ದನ್ನು ಬರೆಯಬೇಕು. ಬರೆಯಲಿಕ್ಕೆ ಗರಿ ಬೇಕು. ಚೆಲುವಯ್ಯ ಎರಡು ದಿನ ಮರದ ಕೆಳಗೆ ತಲೆ ಕೆರೆದುಕೊಂಡು ನಿಂತಿದ್ದ. ಕೊನೆಗೆ ಮರ ಹತ್ತಿ, ಮರದಲ್ಲಿದ್ದ ಹಸಿ ಗರಿಯ ಮೇಲೆಯೇ, 'ಈ ಗರಿಯನ್ನು ಕೀಳಕೂಡದು ಅಂತ ಈ ಗರಿಯ ಹೇಳಿಕೆ' ಅಂತ ಬರೆದ. ಬರೆದ ಮೇಲೆ ಅದು ಸರ್ಕಾರದ ಕಾಗದ. ಸರ್ಕಾರದ ಕಾಗದವನ್ನು ಮರದ ಮೇಲೆ ಬಿಡುವ ಹಾಗಿಲ್ಲ. ಕಿತ್ತುಕೊಂಡು ಬಂದ. ಹೀಗೆ ಆ ಮರ ಬೋಳಾಯಿತು, ಪಕ್ಕದ ಮರವೂ ಬೋಳಾಯಿತು. ಅವುಗಳ ಹೇಳಿಕೆಗಳು ಮಾತ್ರ ಎಲ್ಲವೂ ಭದ್ರವಾಗಿದ್ದವು.

ಗರಿಗಳನ್ನು ಇಡುವುದೆಲ್ಲಿ? ಮೊದಲು ಚೆಲುವಯ್ಯನ ಅಟ್ಟದಲ್ಲಿ. ಅಟ್ಟ ತುಂಬಿತು. ಆಮೇಲೆ ನಡುಮನೆ, ಆಮೇಲೆ ಅಡುಗೆಮನೆ. ಸಣ್ಣತಾಯಮ್ಮ ಒಲೆಯನ್ನು ಹಿತ್ತಿಲಿಗೆ ತೆಗೆದುಕೊಂಡು ಹೋದಳು, ಚಾಪೆಯನ್ನು ಒರಳಿನ ಪಕ್ಕಕ್ಕೆ ತೆಗೆದುಕೊಂಡು ಹೋದಳು. ಅವಳ ಕಾಲಿನ ಗಂಟು ಸೊಟ್ಟಗೆ ಕೂಡಿಕೊಂಡಿತ್ತು. ನಿಂತು ಇಳಿಯಲಾರದೆ ಅವಳು ಒರತೆಯ ದಾರಿಯಲ್ಲಿ ಕೂತುಕೊಂಡೇ ತೆವಳುತ್ತ ಇಳಿಯುತ್ತಿದ್ದಳು. ಕೊಡವನ್ನು ತೊಡೆಯ ಮೇಲೆ ಇಟ್ಟುಕೊಂಡು, ಇಷ್ಟಿಷ್ಟೇ. ಅವಳ ಸೀರೆಗಳೆಲ್ಲ ಹಿಂದುಗಡೆ ಸವೆದು ಜಾಳಾದವು. ನೀರಿಗೆ ಬಂದ ಬೇರೆ ಹೆಂಗಸರು ಮುಖ ಆ ಕಡೆ ತಿರುಗಿಸಿಕೊಳ್ಳುತ್ತಿದ್ದರು. ಕೇಳುವ ಚೆಲುವಯ್ಯನ ಹೆಂಡತಿಯಲ್ಲವೇ, ನೋಡಿದರೆ ಅವಳಿಗೆ ಬೇಜಾರಾದೀತು ಅಂತ.

ಚೆಲುವಯ್ಯ ಒಂದು ಸಲ ಅದನ್ನು ದೂರದಿಂದ ಕಂಡ. ಹೆಂಡತಿ ಹಾಗೆ ತೆವಳುವುದನ್ನು ಕಂಡು ಅವನ ಕಿವಿ ಬಿಸಿಯಾದವು. ಓಡಿಹೋಗಿ ಕೈ ಹಿಡಿಯಬಹುದಿತ್ತು. ಆದರೆ ಕೈಯಲ್ಲಿ ಏಡಿಯ ಹೇಳಿಕೆ ಇತ್ತು, ಹದಿನಾಲ್ಕು ಗರಿ ಅಗಲದ್ದು, ಅದನ್ನು ಕೆಳಗೆ ಇಡುವ ಹಾಗಿರಲಿಲ್ಲ. ಮರದ ಹಿಂದೆ ನಿಂತುಕೊಂಡ. ಅವಳು ಹೋದ ಮೇಲೆ ಬಂದ. ಮನೆಯಲ್ಲಿ, "ಕಾಲು ಹೆಂಗದೆ?" ಅಂತ ಕೇಳಿದ. "ಪರವಾಗಿಲ್ಲ" ಅಂದಳು. ಹಾಗಾದರೆ ಸರಿ ಅಂದುಕೊಂಡ. ಅವಳು ಹಾಗಂದದ್ದು ಅವನಿಗೆ ಎಷ್ಟು ಅನುಕೂಲವಾಯಿತು ಅಂತ ಅವನಿಗೇ ಗೊತ್ತಿತ್ತು.

ಗರಿಗಳು ಬೀದಿಗೆ ಬಂದವು. ಬೀದಿಯಿಂದ ಅರಮನೆಗೆ ಹೋದವು. ದೊರೆ, "ಇದಕ್ಕೊಂದು ಓಲೆಮನೆ ಕಟ್ಟಿ" ಅಂದ. ಓಲೆಮನೆ ಕಟ್ಟುವುದು ಸರ್ಕಾರದ ಕೆಲಸ. ಸರ್ಕಾರದ ಕೆಲಸ ಅಂದ ಮೇಲೆ ಅಲ್ಲಿರುವವರನ್ನು ಕೇಳಬೇಕು. ಕೇಳಿದರೆ ಮತ್ತಷ್ಟು ಗರಿ. ಮತ್ತಷ್ಟು ಗರಿಯಾದರೆ ಅಂದುಕೊಂಡ ಮನೆ ಸಾಲದು, ದೊಡ್ಡ ಮನೆ ಬೇಕು. ದೊಡ್ಡ ಮನೆಗೆ ದೊಡ್ಡ ಜಾಗ ಬೇಕು. ದೊಡ್ಡ ಜಾಗದಲ್ಲಿ ಇನ್ನೂ ಜಾಸ್ತಿ ಜನ, ಅಂದರೆ ಜಾಸ್ತಿ ಹುಳ, ಜಾಸ್ತಿ ಹುಲ್ಲು. ಕೇಳಿದರೆ ಇನ್ನಷ್ಟು ಗರಿ. ಕಲ್ಲುಕುಟಿಗರು ಕಡೆದಿಟ್ಟ ಕಲ್ಲುಗಳು ಕಾದೂ ಕಾದೂ ಬೇಸತ್ತು ತಮ್ಮತಮ್ಮಲ್ಲೇ ಚೌಕಾಬಾರ ಆಡಿಕೊಂಡು ಕೂತವು.

ಹನ್ನೆರಡು ವರ್ಷ ಹೀಗೆ ಹೋಯಿತು. ಒಂದು ದಿನ ದೊರೆ ಬೆಳಿಗ್ಗೆ ಚಾಪೆ ಹಾಸಿದರೆ ಸುತ್ತಲೂ ಗರಿಯ ರಾಶಿ. ಒಂದು ಕಾಲು ಮಡಚಲಿಕ್ಕೆ ಮಾತ್ರ ಜಾಗವಿತ್ತು. ಇನ್ನೊಂದು ಕಾಲು ಕಿಟಕಿಯ ಹೊರಗೆ ಚಾಚಿಕೊಂಡಿತು. ಅದರ ಮೇಲೆ ಕಾಗೆ ಕೂತಿತು.

"ಚೆಲುವಯ್ಯ" ಅಂದ ದೊರೆ, "ಮೂರು ದಿನದೊಳಗೆ ನಾನು ಎರಡೂ ಕಾಲು ಮಡಚಬೇಕು. ಇಲ್ಲದಿದ್ದರೆ ನಿನ್ನ ಪೇಟ ತೆಗೆದು ಕಪ್ಪೆಗೆ ಸುತ್ತಿಸುತ್ತೇನೆ. ಊರಿನಲ್ಲಿ ನೀನು ಇನ್ನೂ ಕೇಳದವರು ಯಾರಿದ್ದಾರೆ?"

ಚೆಲುವಯ್ಯ ಯೋಚಿಸಿದ. ಎಲ್ಲರನ್ನೂ ಕೇಳಿಯಾಗಿತ್ತು. ಒಬ್ಬಳನ್ನು ಬಿಟ್ಟು.

"ಒರತವ್ವನ್ನ ಕೇಳಿಲ್ಲ ಬುದ್ಧಿ" ಅಂದ. "ಅವಳು ಯಾವತ್ತೂ ಯಾತಕ್ಕೂ ಇಲ್ಲ ಅಂದೋಳಲ್ಲ. ಅದಕ್ಕೇ ಕೇಳ್ಬೇಕು ಅಂತ ಅನ್ನಿಸ್ಲಿಲ್ಲ."

"ಹಾಗಾದರೆ ಅಲ್ಲೇ ಕಟ್ಟೋಣ. ಕಪ್ಪೆ, ಏಡಿ, ಕೆಸರು, ಎಲ್ಲ ಅವಳ ಮನೆಯವರೇ ತಾನೇ? ಮನೆಯ ಯಜಮಾನಿ ಪರವಾಗಿಲ್ಲ ಅಂದರೆ ಮನೆಯವರನ್ನು ಕೇಳಬೇಕಾಗಿಲ್ಲ. ಇವತ್ತಿನಿಂದ ಇದೂ ಕಾನೂನು."

ಹಾಗಿದ್ದರೆ ಮೆಟ್ಟಿಲಿಗೂ ಅವಳೊಬ್ಬಳನ್ನೇ ಕೇಳಬಹುದಿತ್ತಲ್ಲ ಅನ್ನುತ್ತೀರಿ. ಚೆಲುವಯ್ಯನಿಗೂ ಹಾಗೇ ಅನ್ನಿಸಿತು. ಆದರೆ ಬಾಯಿ ತೆರೆಯಲಿಲ್ಲ. ಒರತೆಯನ್ನು ಮುಚ್ಚಿ ಅದರ ಮೇಲೆ ಮನೆ ಕಟ್ಟಿ, ಆ ಮನೆಯೊಳಗೆ ಒರತೆಯ ಸುತ್ತ ಏನೂ ಕೆಡಬಾರದು ಅಂತ ಬರೆದ ಗರಿಗಳನ್ನು ಇಡುವುದು. ಇದು ಸರಿಯಲ್ಲ ಅಂತ ಅವನ ಮೊರದಗಲದ ಎರಡೂ ಕಿವಿಗಳಿಗೆ ಗೊತ್ತಾಯಿತು. ಪೇಟದ ಕೆಳಗಿದ್ದ ತಲೆಗೂ ಗೊತ್ತಾಯಿತು. ತಲೆ ಹೂಂ ಅಂತ ಆಡಿತು.

ಸಣ್ಣತಾಯಮ್ಮ ಅಂದೇ ಅಕ್ಕನ ಊರಿಗೆ ಹೋಗಿದ್ದಳು, ಮೂರು ದಿನ ಇದ್ದು ಬರಲಿಕ್ಕೆ. ಅವಳು ಇಲ್ಲದಿರುವುದೇ ಒಳ್ಳೆಯದಾಯಿತು ಅಂತ ಚೆಲುವಯ್ಯ ಅಂದುಕೊಂಡ. ಅಂದುಕೊಂಡದ್ದಕ್ಕೆ ಅವನಿಗೇ ಒಂದು ಥರ ಆಯಿತು.

ಮಟಮಟ ಮಧ್ಯಾಹ್ನ ಒರತೆಗೆ ಹೋದ. ಕೈಯಲ್ಲಿ ಒಂದೇ ಒಂದು ಗರಿ, ಬರೆಯುವ ಕಬ್ಬಿಣದ ಕಡ್ಡಿ. ಇಳಿಯುವಾಗ ಕೆಸರು ಅವನನ್ನೂ ಜಾರಿಸಿತು. ಹಾಗೇ ಜಾರಿಕೊಂಡು ಹೋಗಿ ಅವನ ಹಿಮ್ಮಡಿ ಒರತವ್ವನ ಕಣ್ಣಿಗೇ ಬಿತ್ತು. ನೀರು ಉಕ್ಕುವ ಜಾಗಕ್ಕೆ ಕಣ್ಣು ಅಂತಾರಲ್ಲ, ಅಲ್ಲಿಗೆ. ನೀರೆಲ್ಲ ಕದಡಿ ಕೆಂಪಾಯಿತು.

"ಯಾರಪ್ಪಾ?" ಅಂದಳು ಒರತವ್ವ.

"ನಾನು ಕಣವ್ವ, ಚೆಲುವ."

"ಚೆಲುವ್ನಾ? ಎಷ್ಟು ದಿನ ಆಯ್ತಪ್ಪ ಇತ್ಲಾಗಿ ಬಂದು. ಉಂಡ್ಯಾ?"

"ಉಂಡೆ ಕಣವ್ವ."

"ನೀರು ಕುಡಿ. ಬಿಸಿಲಲ್ಲಿ ಬಂದಿದೀಯೆ. ತಡಿ, ತಿಳಿಯಾಗ್ಲಿ."

ಚೆಲುವಯ್ಯ ಬೊಗಸೆಯಲ್ಲಿ ನೀರು ಕುಡಿದ. ಕೇಳಬೇಕಾದ ಮಾತು ಒಂದಿತ್ತು. 'ನಿನ್ನ ಮೇಲೆ ಮನೆ ಕಟ್ಟಬಹುದೇ' ಅಂತ. ನೆಟ್ಟಗೆ ನಾಲ್ಕು ಶಬ್ದ. ಚೇಳನ್ನು ಕೇಳಿದ್ದ, ಜರಿಯನ್ನು ಕಾಲುಕಾಲಿಗೂ ಕೇಳಿದ್ದ. ಇಲ್ಲಿ ಇನ್ನೊಂದು ಬೊಗಸೆ ನೀರು ಕುಡಿದ. ಕೇಳಿದರೆ ಅವಳು ಆಗಲ್ಲ ಅಂದಾಳು ಅಂತ ಭಯ. ಪರವಾಗಿಲ್ಲ ಅಂದುಬಿಟ್ಟಾಳು ಅಂತ ಅದಕ್ಕಿಂತ ಭಯ.

ಕೊನೆಗೆ ಬಾಯಿ ತೆರೆದಾಗ ಬೇರೆ ಮಾತು ಬಂತು. "ಕಣ್ಣು ತುಳಿದ್ಬುಟ್ಟೆ ಕಣವ್ವ. ತಪ್ಪಾಯ್ತು."

"ಪರವಾಗಿಲ್ಲ ಬುಡಪ್ಪ" ಅಂದಳು ಒರತವ್ವ.

ಚೆಲುವಯ್ಯನ ಕೈ ಗರಿಯ ಮೇಲೆ ಓಡಿತು. ಪ, ರ, ವಾ, ಗಿ, ಲ್ಲ. ಐದು ಅಕ್ಷರ. ಇಷ್ಟು ವರ್ಷದಲ್ಲಿ ಅವನು ಬರೆದದ್ದರಲ್ಲೆಲ್ಲ ಚಿಕ್ಕದು.

"ಏನ್ ಬರ್ಕೊಂಡೆ ಮಗ?"

"ನೀನಂದಿದ್ದೇ ಕಣವ್ವ."

ಸುಳ್ಳಲ್ಲ. ಅವಳು ಅಂದದ್ದೇ. 'ಬುಡಪ್ಪ' ಅನ್ನುವುದೊಂದನ್ನು ಬಿಟ್ಟರೆ ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಮ್ಮಿಯಿಲ್ಲ. ಅಷ್ಟು ಸರಿಯಾಗಿ ಬರೆದುಕೊಂಡವನು ಮೇಲೆ ಹತ್ತುವಾಗ ಹಿಂದಕ್ಕೆ ತಿರುಗಿ ನೋಡಲಿಲ್ಲ. ನೋಡುವ ಮುಖ ಇರಲಿಲ್ಲ.

ಮರುದಿನ ಕಹಳೆ ಊದಿದ್ದೇ ತಡ, ಹನ್ನೆರಡು ವರ್ಷ ಕಾದ ಕಲ್ಲುಗಳು ಚೌಕಾಬಾರ ಬಿಟ್ಟು ತಾವೇ ಎದ್ದು ನಡೆದುಕೊಂಡು ಬಂದವು. ಸಾವಿರ ಆಳು ಬೇಕಾಗಿದ್ದ ಕೆಲಸ ಹತ್ತು ಆಳಿನಲ್ಲಿ ನಡೆಯಿತು. ಮೊದಲ ಕಲ್ಲು ಒರತೆಯ ಅಂಚಿಗೆ ಬಂದಾಗ ಒರತವ್ವ ಅದನ್ನು ನೋಡಿದಳು. ಆಮೇಲೆ ದಡದಲ್ಲಿ ನಿಂತಿದ್ದ ಚೆಲುವಯ್ಯನನ್ನು ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ಸೆರಗು ಸರಿಮಾಡಿಕೊಳ್ಳುವವಳ ಹಾಗೆ ನೀರನ್ನೆಲ್ಲ ಸುತ್ತಿ ಒಳಕ್ಕೆ ಎಳೆದುಕೊಂಡಳು.

"ಬತ್ತೀನಿ ಕಣಪ್ಪ" ಅಂದಳು.

"ಹೋಗ್ಬಾ ಅವ್ವ" ಅಂದ ಚೆಲುವಯ್ಯ. ಅಭ್ಯಾಸಬಲ. ಬಾಯಿಗೆ ಬಂದುಬಿಟ್ಟಿತು.

"ಏನಂದಳು, ಏನಂದಳು?" ಅಂತ ಸುತ್ತಲಿದ್ದವರು ಕೇಳಿದರು. ಅವರ ಕಿವಿಗಳು ಸಣ್ಣವು.

"ಬತ್ತೀನಿ ಅಂದ್ಳು."

"ಸದ್ಯ. ಹಂಗಾರೆ ಬತ್ತಾಳೆ" ಅಂತ ಜನ ಕೊಡ ತಂದು ಓಲೆಮನೆಯ ಮುಂದೆ ಸಾಲಾಗಿ ಇಟ್ಟು ಕಾಯುತ್ತ ಕೂತರು. ನಮ್ಮಲ್ಲಿ ಎದ್ದು ಹೋಗುವವರು ಯಾರೂ ಹೋಗ್ತೀನಿ ಅನ್ನುವುದಿಲ್ಲ ಅಂತ ಅವರಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅವರವರ ಮನೆಯಿಂದ ಹೊರಡುವಾಗ ಅವರೂ ಹಾಗೇ ಅನ್ನುವವರು. ಆದರೆ ಕೊಡ ಹಿಡಿದುಕೊಂಡವರಿಗೆ ಬರ್ತೀನಿ ಅಂದರೆ ಬರ್ತೀನಿ ಅಂತಲೇ ಕೇಳಿಸುತ್ತದೆ.

ನೀರು ಹೋದ ಹಿಂದೆಯೇ ಕಪ್ಪೆಗಳು ಹೋದವು. ಏಡಿ ಅಡ್ಡಡ್ಡ ಹೋಯಿತು. ಕೆಸರು ಒಣಗಿ ಮಣ್ಣಾಯಿತು, ಕೆಸರು ಅಂತ ಕರೆದರೆ ಓಗೊಡಲಿಲ್ಲ. ಚೇಳು ತಂಪು ಹುಡುಕಿಕೊಂಡು ಬೇರೆ ಊರಿಗೆ ಹೋಯಿತು. ಹೊಂಗೆ ಎಲೆ ಉದುರಿಸಿತು, ನೆರಳು ಎರಡೂ ಕಡೆಯಿಂದ ಎದ್ದು ಹೋಯಿತು.

ಮೂರನೆಯ ದಿನ ಓಲೆಮನೆ ಮುಗಿಯಿತು. ಗರಿಗಳೆಲ್ಲ ಒಳಗೆ ಹೋದವು. ದೊರೆ ಎರಡೂ ಕಾಲು ಮಡಚಿದ. ಆಗ ಚೆಲುವಯ್ಯನಿಗೆ ಹಳೆಯ ಮೆಟ್ಟಿಲಿನ ನೆನಪಾಯಿತು. ಆ ಕೆಲಸ ಇನ್ನೂ ಬಾಕಿಯೇ ಇತ್ತಲ್ಲ. ದಾರಿಯಲ್ಲಿ ನಿಂತು, "ಇಲ್ಲಿ ಮೆಟ್ಟಿಲು ಹಾಕಬಹುದೇ?" ಅಂತ ಕೂಗಿದ. ಯಾರೂ ಆಗಲ್ಲ ಅನ್ನಲಿಲ್ಲ. ಅನ್ನಲಿಕ್ಕೆ ಯಾರೂ ಇರಲಿಲ್ಲ. ಕಲ್ಲೊಂದೇ, "ಈಗ ನನ್ನ ಕೆಳಗೆ ಯಾರೂ ಇಲ್ಲಪ್ಪ" ಅಂತು. ಹನ್ನೆರಡು ವರ್ಷ ಆಗದಿದ್ದದ್ದು ಒಂದು ಗಳಿಗೆಯಲ್ಲಿ ಆಯಿತು. ಚೆಂದದ ಮೆಟ್ಟಿಲು, ನೆಟ್ಟಗೆ, ಅಗಲವಾಗಿ, ಕಾಲಿಗೆ ಹಿತವಾಗಿ. ಸಣ್ಣತಾಯಿಗೆ ಸಂತೋಷವಾಗುತ್ತದೆ ಅಂತ ಚೆಲುವಯ್ಯ ತನಗೆ ತಾನೇ ಹೇಳಿಕೊಂಡ. ಎರಡು ಸಲ ಹೇಳಿಕೊಂಡ.

ಸಂಜೆ ಸಣ್ಣತಾಯಮ್ಮ ಬಂದಳು. ಗಂಟು ಇಳಿಸಿ, ಕೊಡ ಸೊಂಟಕ್ಕಿಟ್ಟು, ಯಾವತ್ತಿನ ಹಾಗೆ ಹಿತ್ತಿಲ ಕಡೆಯ ದಾರಿಯಲ್ಲಿ, ಕಾಲಿನ ಮೇಲೇ ಕಣ್ಣಿಟ್ಟುಕೊಂಡು ಹೊರಟಳು. ದಾರಿಯ ತುದಿಯಲ್ಲಿ ಯಾವತ್ತಿನ ಹಾಗೆ ಕೂತುಕೊಳ್ಳಲಿಕ್ಕೆ ಬಗ್ಗಿದಳು. ಅಲ್ಲಿ ಮೆಟ್ಟಿಲು ಕಂಡಿತು. ನಿಂತುಕೊಂಡೇ ಕಾಲಿಟ್ಟಳು. ಜಾರಲಿಲ್ಲ. ಹನ್ನೆರಡು ವರ್ಷದಲ್ಲಿ ಮೊದಲ ಸಲ ಅವಳು ನೆಟ್ಟಗೆ ನಿಂತು ಇಳಿದಳು. ಇಳಿದವಳ ಕೊಡ ಗೋಡೆಗೆ ಹೋಗಿ ಬಡಿಯಿತು.

ಚೆಲುವಯ್ಯ ಹಿಂದೆ ನಿಂತಿದ್ದ.

"ಅವ್ವ ಎಲ್ಲಿ?" ಅಂದಳು.

ಅವನು ಓಲೆಮನೆಯ ಗೋಡೆ ತೋರಿಸಿದ.

"ಕಟ್ಟೋ ಮುಂಚೆ ಕೇಳುದ್ರಾ?"

"ಕೇಳ್ದೆ."

"ಏನಂದ್ಲು?"

"ಪರವಾಗಿಲ್ಲ ಅಂದ್ಳು."

ಸಣ್ಣತಾಯಮ್ಮ ಅವನ ಕಡೆ ತಿರುಗಿದಳು. "ನೀವು ಏನಂತ ಕೇಳುದ್ರಿ?"

ಹನ್ನೆರಡು ವರ್ಷ ಊರಿನ ಕಲ್ಲು ಮಣ್ಣನ್ನೆಲ್ಲ ಕೇಳಿದವನನ್ನು ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಚೆಲುವಯ್ಯ ನೆಲ ನೋಡಿದ. ನೆಲದಲ್ಲಿ ಅವನು ಮೊನ್ನೆ ಜಾರಿದ ಗುರುತು ಒಣಗಿ ಹಾಗೇ ಕೂತಿತ್ತು.

"ನನ್ನ ಕಾಲು ಹೆಂಗದೆ ಅಂತ ಕೇಳ್ತಿದ್ರಲ್ಲ" ಅಂದಳು ಸಣ್ಣತಾಯಮ್ಮ ಮೆಲ್ಲಗೆ. "ನಾನೂ ಅದನ್ನೇ ಅಂತಿದ್ದೆ."

ಅಷ್ಟೇ ಅಂದಳು. ಖಾಲಿ ಕೊಡ ಎತ್ತಿಕೊಂಡು ಮೆಟ್ಟಿಲು ಹತ್ತಿ ಹೋದಳು. ಚೆಲುವಯ್ಯನ ಕಿವಿಗಳು ನಾಚಿಕೆಯಿಂದ ಕೆಂಡದಷ್ಟು ಬಿಸಿಯಾದವು. ಮೊರದಗಲದ ಕಿವಿ ನೋಡಿ, ಬಿಸಿಯೂ ಅಷ್ಟಗಲ. ಪೇಟ ಸುಟ್ಟು ಕರಕಲಾಗಿ ತಾನಾಗಿಯೇ ತಲೆಯಿಂದ ಬಿತ್ತು. ಅವನು ಅದನ್ನು ಎತ್ತಿಕೊಳ್ಳಲಿಲ್ಲ.

ಬೆಳಗಾದ ಮೇಲೆ ಬರಿದಲೆಯಲ್ಲಿ ಅರಮನೆಗೆ ಹೋಗಿ ನಿಂತ. ದೊರೆ ಚಕ್ಕಳಮಕ್ಕಳ ಹಾಕಿ ಸುಖವಾಗಿ ಕೂತಿದ್ದ. "ಹೇಗಿದ್ದೀಯ ಚೆಲುವಯ್ಯ?" ಅಂದ.

ಪರವಾಗಿಲ್ಲ ಅನ್ನುವುದು ಅವನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು. ನಾಲಿಗೆ ಕಚ್ಚಿಕೊಂಡ. "ಚೆನ್ನಾಗಿಲ್ಲ ಬುದ್ಧಿ" ಅಂದ. "ನಾನು ಕೇಳ್ಲಿಲ್ಲ. ಕೇಳ್ದಂಗೆ ಬರ್ಕೊಂಡೆ. ಅವಳ ಕಣ್ಣು ತುಳಿದಿದ್ದಕ್ಕೆ ಅವಳು ಪರವಾಗಿಲ್ಲ ಅಂದ್ಳು. ಮನೆ ಕಟ್ಟೋಕೆ ಅಲ್ಲ. ನನ್ನದು 'ಆಗಲ್ಲ' ಅಂತ ಬರ್ಕೊಳ್ಳಿ."

ದೊರೆ ಒಂದು ಕಾಲು ಕೆಳಗಿಳಿಸಿದ. ದೊರೆಗೂ ನಾಚಿಕೆಯಾಯಿತು, ಆದರೆ ಅವನದು ಒಂದು ಕಾಲಿನಷ್ಟು. "ಒಬ್ಬರು ಆಗಲ್ಲ ಅಂದರೂ ಕೆಲಸ ನಿಲ್ಲಬೇಕು. ಓಲೆಮನೆ ಕೀಳಿಸೋಣ. ಆದರೆ ಕೀಳುವುದೂ ಸರ್ಕಾರದ ಕೆಲಸ ಕಣಯ್ಯ. ಒಳಗೆ ಯಾರಿದ್ದಾರೋ ಕೇಳಿಕೊಂಡು ಬಾ" ಅಂದ.

ಚೆಲುವಯ್ಯ ಹೋಗಿ ಕೇಳಿದ. ಅಷ್ಟರಲ್ಲಿ ಓಲೆಮನೆಗೆ ಗೆದ್ದಲು ಬಂದು ಸಂಸಾರ ಹೂಡಿತ್ತು. "ಆಗಲ್ಲ" ಅಂತು ಗೆದ್ದಲು, ಬಾಯಿ ತುಂಬ ಏಡಿಯ ಹೇಳಿಕೆ ತುಂಬಿಕೊಂಡು. "ನಮ್ಮ ಊಟ ಇನ್ನೂ ಮುಗಿದಿಲ್ಲ. ಎಲೆ ಮುಂದೆ ಕೂತೋರನ್ನ ಎಬ್ಬಿಸ್ತೀರಾ?"

ಊಟಕ್ಕೆ ಕೂತವರನ್ನು ಎಬ್ಬಿಸುವುದು ಹೇಗೆ? ಅದಕ್ಕೇ ಎಲ್ಲರೂ ಕಾಯುತ್ತಿದ್ದಾರೆ. ಹನ್ನೆರಡು ವರ್ಷ ಬರೆದದ್ದನ್ನು ತಿನ್ನಲಿಕ್ಕೂ ಕಾಲ ಬೇಕು.

ಚೆಲುವಯ್ಯ ದಿನವೂ ಆ ಮೆಟ್ಟಿಲಿನ ಮೇಲೆ ಒಂದು ಕಿವಿಯನ್ನು ನೆಲಕ್ಕೆ ಒತ್ತಿಕೊಂಡು ಮಲಗುತ್ತಾನೆ. ಕೇಳದೆ ಬಿಟ್ಟ ನಾಲ್ಕು ಶಬ್ದವನ್ನು ಅಂದಿನಿಂದ ಬಾಯಲ್ಲಿ ಇಟ್ಟುಕೊಂಡಿದ್ದಾನೆ. ಕೆಳಗೆ, ತುಂಬ ಕೆಳಗೆ, ಏನಾದರೂ ಗುಳುಗುಳು ಅಂದೀತೇ ಅಂತ ಕಾಯುತ್ತಾನೆ. ಇನ್ನೂ ಅಂದಿಲ್ಲ.

ಸಣ್ಣತಾಯಮ್ಮ ಅಕ್ಕನ ಊರಿನಿಂದ ನೀರು ಹೊತ್ತು ತರುತ್ತಾಳೆ. ಹೋಗಿ ಬರಲಿಕ್ಕೆ ಒಪ್ಪೊತ್ತು ಹಿಡಿಯುತ್ತದೆ. ಬಂದವಳು ಕೊಡ ಇಳಿಸಿ ಒಂದು ಚೆಂಬು ನೀರು ಅವನ ಮುಂದೆ ಇಡುತ್ತಾಳೆ.

"ಕಾಲು ಹೆಂಗದೆ?" ಅಂತ ಅವನು ಕೇಳುತ್ತಾನೆ. ಈಗ ಅವಳ ಮುಖ ನೋಡಿ ಕೇಳುತ್ತಾನೆ.

"ನೋಯ್ತದೆ" ಅನ್ನುತ್ತಾಳೆ.

ಅವನು ಎದ್ದು ಕೂತು, ಆ ಸೊಟ್ಟ ಗಂಟನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಬರೆದುಕೊಳ್ಳುವುದಿಲ್ಲ.

ಈ ಕತೆಗೆ ನೀತಿ ಬೇಕೇಬೇಕು ಅನ್ನುವವರಿಗೆ ಒಂದು ನೀತಿ ಇಟ್ಟಿದ್ದೇನೆ: ಮೆಟ್ಟಿಲು ಬೇಕಾದವರು ಮೊದಲು ಗೆದ್ದಲಿಗೆ ಎಲೆ ಹಾಕಬೇಕು. ಅದನ್ನು ತೆಗೆದುಕೊಂಡು ಮನೆಗೆ ಹೋಗಿ. ಆ ಊರಿನ ಕೊಡಗಳು ಅಲ್ಲಿ ಸಾಲಾಗಿ ಕಾಯುತ್ತಿವೆ, ನಮ್ಮ ಊರಿನವು ಇಲ್ಲಿ ಸದ್ಯಕ್ಕೆ ತುಂಬಿವೆ. ಕತೆ ಹೇಗಿತ್ತು ಅಂತ ಮಾತ್ರ ನಾನು ನಿಮ್ಮನ್ನು ಕೇಳುವುದಿಲ್ಲ. ನೀವೂ ಒಳ್ಳೆಯವರು, ಪರವಾಗಿಲ್ಲ ಅಂದುಬಿಡುತ್ತೀರಿ.